ಹಳೇ ಗರಗಸಕ್ಕೆ ಚೈನು ಸಿಗವಲ್ದು!

ಮೊನ್ನೆ ರಾಯಬಾಗದಿಂದ ಕುಡಚಿ, ಉಗಾರ, ಕಾಗವಾಡದ ಮೇಲೆ ಮಿರಜಕ್ಕೆ ಹೊರಟ ಬಸ್ಸಿನಲ್ಲಿ ಕಂಡ ಸಂಗತಿ ಇದು. ಮುಂದಿನ ಸೀಟಿನಲ್ಲಿ ಒಬ್ಬ ಹಿರಿಯರು ತೊಡೆಯ ಮೇಲೆ ಗೋಣಿಚೀಲ ಇಟ್ಟುಕೊಂಡು ಕೂತಿದ್ದರು. ಟಿಕೀಟು ಹರಿಯುತ್ತ ಬಂದ ಕಂಡಕ್ಟರ್ ಮೂಗು ಅರಳಿಸಿ ನಿಂತುಬಿಟ್ಟ.

"ಅಜ್ಜಾರ, ಚೀಲದಾಗ ಏನೈತ್ರಿ? ಪೆಟ್ರೋಲ್ ವಾಸನಿ ಬರಾಕತ್ತೈತಿ."

"ಗಿಡ ಕೊಯ್ಯೂ ಮಷೀನೈತೋ ತಮ್ಮಾ. ಎಣ್ಣಿ ಪೂರ್ತಿ ಚೆಲ್ಲೀನಿ. ಚೈನ್ ಹರದೈತಿ. ರಾಯಬಾಗದಾಗ ಸಿಗಲಿಲ್ಲ, ಚಿಕ್ಕೋಡ್ಯಾಗ ಸಿಗಲಿಲ್ಲ. ಮಿರಜದಾಗರ ಸಿಕ್ಕೀತೇನು ಅಂತ ಹೊಂಟೀನಿ."

"ಯಾವ ಕಂಪನೀದರಿ?"

ಅಜ್ಜ ಸ್ವಲ್ಪ ಹೊತ್ತು ವಿಚಾರ ಮಾಡಿ, "ಕೇಸರಿ ಬಣ್ಣದ್ದು" ಅಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆದರೆ ಇದು ನಗುವ ಮಾತಲ್ಲ. ನಿಪ್ಪಾಣಿಯಿಂದ ಅಥಣಿವರೆಗೆ ಯಾವ ಊರಿನ ಹಾರ್ಡ್‌ವೇರ್ ಅಂಗಡಿಕಾರರನ್ನಾದರೂ ಕೇಳಿ ನೋಡಿ. ಚೈನು ಕೇಳಲು ಬರುವ ಹಲವರ ಬಾಯಲ್ಲಿ ಕಂಪನಿಯ ಹೆಸರಿರುವುದಿಲ್ಲ, ಬಣ್ಣವಿರುತ್ತದೆ. ಹೆಸರು ಬರೆದ ಕಾಗದ ಮೊದಲನೇ ಮಳೆಗಾಲದಲ್ಲೇ ಕಿತ್ತುಹೋಗಿರುತ್ತದೆ, ಬಿಲ್ಲಂತೂ ಮೊದಲಿನಿಂದಲೇ ಇರುವುದಿಲ್ಲ.

ನಮ್ಮ ಐದು ತಾಲೂಕುಗಳಿಗೆ ಈ ಮಷೀನು ಬೇಕೇ ಬೇಕು. ಹೊಲದ ಬದುವಿನ ಜಾಲಿ, ಬೇವು, ಸುಬಾಬುಲ್ ಕಡಿಯಬೇಕು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಹಳ್ಳಿಗಳಿಗೆ 2019 ಮತ್ತು 2021ರ ಮಹಾಪೂರ ಇನ್ನೂ ಮರೆತಿಲ್ಲ. ಹಾದಿಗೆ ಅಡ್ಡಬಿದ್ದ ಗಿಡ ತೆಗೆಯಲು ಕೊಡಲಿ ಹಿಡಿದರೆ ಒಂದು ದಿನ, ಮಷೀನು ಹಿಡಿದರೆ ಅರ್ಧ ತಾಸು. ಕೊಡಲಿಯವರೇ ಮಷೀನಿನವರಾಗಿದ್ದಾರೆ. ಮೋಟಾರ್ ಸೈಕಲ್ಲಿಗೆ ಗರಗಸ ಕಟ್ಟಿಕೊಂಡು ಊರೂರು ತಿರುಗಿ ದುಡಿಯುವ ಹುಡುಗರೂ ಇದ್ದಾರೆ. ಹೆಸರಾಂತ ಕಂಪನಿಯ ಮಷೀನಿಗೆ ಕೊಡುವ ಹಣದ ಮೂರನೇ ಒಂದು ಪಾಲಿಗೆ ಅಗ್ಗದ ಮಷೀನು ಸಿಗುತ್ತದೆ. ಬಡವ ಅಗ್ಗದ್ದು ಕೊಂಡರೆ ತಪ್ಪೇನು? ತಪ್ಪು ಕೊಂಡದ್ದರಲ್ಲಿ ಅಲ್ಲ, ಕೊಂಡದ್ದು ಏನೆಂದು ತಿಳಿಯದೆ ವರ್ಷಗಟ್ಟಲೆ ದುಡಿಸುವುದರಲ್ಲಿ ಇದೆ.

ಈಗ ಅಜ್ಜನ ಪ್ರಶ್ನೆಗೆ ಬರೋಣ. ಹೆಸರಿಲ್ಲದ ಮಷೀನನ್ನು ಗುರುತು ಹಿಡಿಯುವುದು ಹೇಗೆ?

ಅಗ್ಗದ ಪೆಟ್ರೋಲ್ ಗರಗಸಗಳ ಮೇಲೆ 5200, 5800 ಎಂಬ ಅಂಕಿಗಳನ್ನು ನೀವು ಕಂಡಿರಬಹುದು. ಅದು ಕಂಪನಿಯ ಹೆಸರಲ್ಲ. 52 ಸಿ.ಸಿ., 58 ಸಿ.ಸಿ. ಇಂಜಿನ್ ಎಂದು ಸಾರುವ ಅಂಕಿ. ಇವುಗಳಲ್ಲಿ ಹೆಚ್ಚಿನವು ಜಪಾನಿನ ಝೆನೋವಾ ಕಂಪನಿಯ ಹಳೇ ವಿನ್ಯಾಸವನ್ನು ನೋಡಿಕೊಂಡು ಚೀನಾದಲ್ಲಿ ತಯಾರಾದವು. ಒಂದೇ ಮಷೀನಿಗೆ ಹತ್ತಾರು ಹೆಸರು, ಹತ್ತಾರು ಬಣ್ಣ. ಅದರ ಮೇಲಿನ ಅಂಕಿಯೂ ಪೂರ್ತಿ ನಂಬುವಂಥದಲ್ಲ. ಸಿಲಿಂಡರಿನ ಅಡ್ಡಳತೆ 45 ಮಿ.ಮೀ., ಪಿಸ್ಟನ್ ಓಡಾಟ 33 ಮಿ.ಮೀ. ಇದ್ದರೆ ಲೆಕ್ಕಕ್ಕೆ 52 ಸಿ.ಸಿ. ಬರುತ್ತದೆ. 58 ಎಂದು ಬರೆದ ಕೆಲವು ಮಷೀನುಗಳನ್ನು ಅಳೆದರೆ 54ರ ಆಸುಪಾಸಿಗೆ ನಿಲ್ಲುತ್ತವೆ. ಹೀಗಾಗಿ ಪಿಸ್ಟನ್, ರಿಂಗು ಕೊಳ್ಳುವಾಗ ಹೊರಗಿನ ಅಂಕಿ ಹೇಳದೆ ಹಳೇ ಪಿಸ್ಟನ್ನನ್ನೇ ಒಯ್ದು ಅಳೆಯಿಸಿ.

ಚೈನಿನ ಗುರುತು ಇನ್ನೂ ಸುಲಭ. ಮೂರು ಸಂಗತಿ ಗೊತ್ತಿದ್ದರೆ ಸಾಕು: ಪಿಚ್, ಗೇಜ್, ಒಳಹಲ್ಲುಗಳ ಸಂಖ್ಯೆ. ಚೈನು ಓಡುವ ಉದ್ದನೆಯ ಬಾರ್ ಬಿಚ್ಚಿ ಒರೆಸಿದರೆ ಅದರ ಬುಡದಲ್ಲಿ ಬಹಳ ಸಲ ಈ ಮೂರೂ ಅಚ್ಚಾಗಿರುತ್ತವೆ. ಅಳಿಸಿದ್ದರೆ ಹೀಗೆ ಮಾಡಿ. ಚೈನಿನ ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿ. ಅದು ಪಿಚ್. ಆ ಅಳತೆ ಸುಮಾರು 16.5 ಮಿ.ಮೀ. ಬಂದರೆ 0.325 ಇಂಚಿನ ಚೈನು, 19 ಮಿ.ಮೀ. ಬಂದರೆ 3/8 ಇಂಚಿನ ಚೈನು. ಬಾರಿನ ಗಾಡಿಯಲ್ಲಿ ಇಳಿಯುವ ಒಳಹಲ್ಲಿನ ದಪ್ಪವೇ ಗೇಜ್. 0.058 ಇಂಚು ಎಂದರೆ 1.5 ಮಿ.ಮೀ. ಕಡೆಗೆ ಒಳಹಲ್ಲುಗಳನ್ನು ಒಂದೊಂದಾಗಿ ಎಣಿಸಿ ಚೀಟಿಯಲ್ಲಿ ಬರೆದುಕೊಳ್ಳಿ. 20 ಇಂಚಿನ ಬಾರಿನ 5200 ಮಾದರಿಗೆ ಸಾಮಾನ್ಯವಾಗಿ 0.325 ಪಿಚ್, 0.058 ಗೇಜ್, 76 ಹಲ್ಲು ಇರುತ್ತದೆ. ಆದರೂ ನಿಮ್ಮದನ್ನು ಎಣಿಸಿಯೇ ಕೊಳ್ಳಿ.

ಬರೀ ಉದ್ದ ಸರಿಹೋದರೆ ಸಾಲದು. ಪಿಚ್ ತಪ್ಪಿದ ಚೈನನ್ನು ಬಲವಂತದಿಂದ ಏರಿಸಿದರೆ ಒಳಗಿನ ಹಲ್ಲುಗಾಲಿ ತಿಂದುಹೋಗುತ್ತದೆ, ಓಟದಲ್ಲೇ ಚೈನು ಹರಿಯುತ್ತದೆ. ಅಂಗಡಿಕಾರ ಮಿತ್ರರಿಗೆ ಒಂದು ಮಾತು: "ಯಾವ ಕಂಪನಿ?" ಎಂದು ಕೇಳುವುದನ್ನು ಬಿಟ್ಟು, "ಹಳೇ ಚೈನ್ ತಂದೀರೇನ್ರಿ?" ಎಂದು ಕೇಳಿ. ಅರ್ಧ ತಲೆನೋವು ಅಲ್ಲೇ ತೀರುತ್ತದೆ.

ಇನ್ನು ಎರಡನೇ ಸಂಗತಿ, ಪೆಟ್ರೋಲು. "ಮದ್ಲ ಛಲೋ ಇತ್ರಿ, ಈಗೀಗ ಚಾಲೂನ ಆಗವಲ್ದು" ಎಂಬ ದೂರಿನ ಒಂದು ಕಾರಣ ನಮ್ಮದೇ ಹೊಲದಲ್ಲಿದೆ! 2022ರ ಜೂನ್ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ 10 ಪಾಲು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನೂರಕ್ಕೆ 20ರ ಮಿಶ್ರಣಕ್ಕೆ ಚಾಲನೆ ದೊರೆಯಿತು. 2025ಕ್ಕೆ ಅದೂ ಮುಟ್ಟಿತು. ನಮ್ಮ ಭಾಗದ ಕಬ್ಬು ನುರಿಸುವ ಕಾರ್ಖಾನೆಗಳಲ್ಲಿ ಕೆಲವು ಎಥೆನಾಲನ್ನೂ ತಯಾರಿಸುತ್ತವೆ. ಕಬ್ಬಿಗೆ ಗಿರಾಕಿ ಹೆಚ್ಚಿದ್ದು ರೈತನಿಗೆ ಒಳ್ಳೆಯದೇ. ಆದರೆ ಅದೇ ರೈತನ ಹಳೇ ಗರಗಸದ ರಬ್ಬರ್ ನಳಿಗೆ, ಕಾರ್ಬುರೇಟರಿನ ತೆಳು ಪೊರೆಗೆ ಈ ಎಥೆನಾಲ್ ಹಿಡಿಸುವುದಿಲ್ಲ. ಉಬ್ಬುತ್ತವೆ, ಬಿರುಸಾಗುತ್ತವೆ, ಸೀಳುತ್ತವೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನೂ ಹೀರುತ್ತದೆ. ಆಯಿಲ್ ಬೆರೆಸಿ ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟ ಪೆಟ್ರೋಲಿನಲ್ಲಿ ನೀರು, ಎಥೆನಾಲ್ ಕೂಡಿ ತಳಕ್ಕೆ ಇಳಿಯುತ್ತವೆ. ಆ ತಳದ್ದನ್ನು ಇಂಜಿನ್ ಕುಡಿದರೆ ಅದಕ್ಕೆ ಆಯಿಲ್ಲೇ ಸಿಗುವುದಿಲ್ಲ, ಪಿಸ್ಟನ್ ಗೀರುಬಿದ್ದು ಹಿಡಿದುಕೊಳ್ಳುತ್ತದೆ.

ಉಪಾಯ ಸಣ್ಣದು. ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಕೆಲಸ ಮುಗಿದ ಮೇಲೆ ಟಾಕಿ ಖಾಲಿ ಮಾಡಿ, ತಾನಾಗಿ ಬಂದ್ ಆಗುವವರೆಗೆ ಇಂಜಿನ್ ಓಡಿಸಿ ಇಡಿ. ಟೂ ಸ್ಟ್ರೋಕ್ ಆಯಿಲ್ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 40ಕ್ಕೆ 1 ಎಂದಿದ್ದರೆ 25 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಕಣ್ಣಂದಾಜಿಗೆ ಮುಚ್ಚಳದಿಂದ ಸುರಿಯುವ ಪದ್ಧತಿ ಬಿಡಿ.

ಮೂರನೇ ಪ್ರಶ್ನೆಯೇ ದೊಡ್ಡದು: ದುರಸ್ತಿ ಮಾಡಿಸಬೇಕೋ, ಬದಲಿಸಬೇಕೋ? ಚೈನು, ಪ್ಲಗ್ಗು, ಫಿಲ್ಟರು, ಎಣ್ಣೆ ನಳಿಗೆ ಇವೆಲ್ಲ ಸಣ್ಣ ಖರ್ಚು, ಮಾಡಿಸಿರಿ. ಕಾರ್ಬುರೇಟರ್ ಬದಲಿಸಿದರೂ ನಡೆದೀತು. ಮಷೀನು ಬಂದ್ ಇಟ್ಟು, ಸ್ಟಾರ್ಟರ್ ಹಗ್ಗದ ಹಿಡಿಕೆ ಹಿಡಿದು ಮೆಲ್ಲಗೆ ತೂಗಿಬಿಡಿ. ತಡೆದು ತಡೆದು ಇಳಿದರೆ ಇಂಜಿನ್ನಿನಲ್ಲಿ ಇನ್ನೂ ದಮ್ಮಿದೆ. ಸರ್ರನೆ ನೆಲಕ್ಕಿಳಿದರೆ ಸಿಲಿಂಡರ್, ಪಿಸ್ಟನ್ ಸವೆದಿವೆ. ಆಗ ದುರಸ್ತಿಯ ಖರ್ಚು ಹೊಸ ಮಷೀನಿನ ಅರ್ಧ ದಾಟುತ್ತದೆಯೇ ಎಂದು ಮಿಸ್ತ್ರಿಯನ್ನು ಕೇಳಿ. ದಾಟಿದರೆ ಹಣ ಹಾಳು.

ಆದರೆ ಒಂದು ಕಡೆ ಹಣದ ಲೆಕ್ಕವೇ ಬೇಡ. ಅದು ಚೈನ್ ಬ್ರೇಕು. ಮುಂದಿನ ಹಿಡಿಕೆಯ ಎದುರಿಗೆ ಇರುವ ಅಡ್ಡಪಟ್ಟಿ ಕೈಗೆ ಕಟ್ಟಿದ ಬರೀ ಪಡದೆಯಲ್ಲ. ಬಾರಿನ ತುದಿಯ ಮೇಲ್ಭಾಗ ಟೊಂಗೆಗೆ ತಾಗಿತೆಂದರೆ ಮಷೀನು ಕಣ್ಣುಮುಚ್ಚಿ ತೆರೆಯುವುದರೊಳಗೆ ಹಿಂದಕ್ಕೆ ಜಿಗಿದು ಕುತ್ತಿಗೆ, ಮುಖದ ಕಡೆಗೆ ಬರುತ್ತದೆ. ಆಗ ಚೈನನ್ನು ನಿಲ್ಲಿಸುವುದು ಆ ಪಟ್ಟಿಯೇ. ಮುರಿದ ಪಟ್ಟಿಯನ್ನು ಕಿತ್ತೊಗೆದು, "ಹಗರ ಆತು" ಎನ್ನುತ್ತ ದುಡಿಯುವವರನ್ನು ನಾವೇ ನೋಡಿದ್ದೇವೆ. ಇಂಜಿನ್ ಬಂದ್ ಇದ್ದಾಗ, ಕೈಗವಸು ಹಾಕಿ, ಪಟ್ಟಿಯನ್ನು ಮುಂದಕ್ಕೆ ತಳ್ಳಿ ಚೈನು ಎಳೆದು ನೋಡಿ. ಅಲುಗಬಾರದು. ಇಂಜಿನ್ ಸಣ್ಣಗೆ ಓಡುವಾಗ ಚೈನು ತಾನೇ ತಿರುಗಲೂಬಾರದು. ಈ ಎರಡರಲ್ಲಿ ಒಂದು ಕೆಟ್ಟಿದ್ದರೂ ಸರಿಪಡಿಸುವವರೆಗೆ ಆ ಮಷೀನು ಗೂಟಕ್ಕೆ. ಬಿಡಿಭಾಗ ಸಿಗದಿದ್ದರೆ ಬದಲಿಸಲೇಬೇಕು.

ಬದಲಿಸುವಾಗ ಏನು ನೋಡಬೇಕು? ಮೊದಲು ಬ್ರೇಕು, ಆಮೇಲೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಆಮೇಲೆ ಬೆಲೆ. ಪುಸ್ತಕದಲ್ಲಿ ನೂರಕ್ಕೆ 20 ಎಥೆನಾಲ್ ನಡೆಯುತ್ತದೆಯೇ ಎಂದು ಓದಿಸಿ. ವರ್ಷಕ್ಕೆ ಎರಡು ದಿನದ ಕೆಲಸವಿದ್ದವರಿಗೆ ಸ್ವಂತದ್ದಕ್ಕಿಂತ ಬಾಡಿಗೆಯೇ ಲೇಸು. ಸಹಾಯಧನದ ಪಟ್ಟಿಯಲ್ಲಿ ಈ ವರ್ಷ ಗರಗಸ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ಮರೆಯಬೇಡಿ.

ಬಿಲ್ಲಿಲ್ಲದೆ ಮಾತ್ರ ಕೊಳ್ಳಬೇಡಿ. ಪರದೇಶದ ಮಾಲಿನ ಪೆಟ್ಟಿಗೆಯ ಮೇಲೆ ತರಿಸಿದವರ ಹೆಸರು, ವಿಳಾಸ, ತಯಾರಾದ ದೇಶ ಇರಲೇಬೇಕೆಂಬ ಕಾನೂನಿದೆ. ನಮ್ಮವರು ಹೆಚ್ಚಾಗಿ ಕೊಲ್ಲಾಪುರ, ಸಾಂಗಲಿ, ಮಿರಜದಲ್ಲಿ ಕೊಂಡು, "ಅದು ಮಹಾರಾಷ್ಟ್ರ, ಅಲ್ಲಿ ಯಾರು ಓಡಾಡ್ತಾರ?" ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಸಹಾಯವಾಣಿ 1915. ಆದರೆ ಬಿಲ್ಲಿಲ್ಲದವನ ದೂರು ಗಾಳಿಗೆ ಗುದ್ದಿದಂತೆ.

ಮಷೀನು ಸಿಕ್ಕಿತೆಂದು ಕಂಡ ಗಿಡಕ್ಕೆಲ್ಲ ಹಚ್ಚುವಂತೆಯೂ ಇಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಉಂಟು. ಉಳಿದವಕ್ಕೆ ಸ್ವಂತ ಹೊಲವಾದರೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಕೈಹಚ್ಚಬೇಕು.

ಇನ್ನು ಬಸ್ಸಿನ ಅಜ್ಜನ ಸಂಗತಿ. ಕುತೂಹಲ ತಡೆಯದೆ ಮಿರಜದಲ್ಲಿ ನಾವೂ ಬೆನ್ನು ಹತ್ತಿದೆವು. ಅಂಗಡಿಯಾತ ಹೆಸರು ಕೇಳಲಿಲ್ಲ. ಹಳೇ ಚೈನು ಬಿಡಿಸಿ ಹಲ್ಲು ಎಣಿಸಿದ, ಒಳಗಿನಿಂದ ಹೊಸದು ತಂದಿಟ್ಟ. ಅಜ್ಜ ಹಿಗ್ಗಿದರು. ಆಮೇಲೆ ಮಷೀನು ತಿರುಗಿಸಿ ನೋಡಿದವ ಕೈ ಹಿಂದೆ ತೆಗೆದ.

"ಯಜಮಾನ್ರ, ಚೈನ್ ಕೊಡತೀನಿ. ಆದ್ರ ಬ್ರೇಕ್ ಎಲ್ಲೈತ್ರಿ?"

"ಅದು ಮುರದು ಎರಡು ವರ್ಷ ಆತು."

"ಇದನ್ನ ಹಿಡಿಯಾವ್ರು ಯಾರು?"

"ನನ್ನ ಅಳಿಯ. ದಿನಾ ಇದರ ಮ್ಯಾಲ ದುಡಿತಾನ."

ಅಂಗಡಿಯಾತ ಏನೂ ಅನ್ನಲಿಲ್ಲ. ಅಜ್ಜ ಬಹಳ ಹೊತ್ತು ಆ ಮುರಿದ ಜಾಗವನ್ನು ಬೆರಳಿನಿಂದ ಸವರುತ್ತ ಕೂತರು. ಕಡೆಗೆ, "ಚೈನ್ ತಗದಿಡ್ರಿ. ಮದ್ಲ ಬ್ರೇಕಿನ ಸಾಮಾನು ಸಿಗತೈತೇನು ನೋಡ್ರಿ. ಸಿಗಲಿಲ್ಲಂದ್ರ ಹೊಸಾದ್ದರ ರೇಟ್ ಹೇಳ್ರಿ. ಇದನ್ನ ಯಾರಿಗೂ ಮಾರೂದಿಲ್ಲ, ಬಿಚ್ಚಿ ಸಾಮಾನಿಗೆ ಇಟ್ಟಕೋತೀನಿ" ಅಂದರು.

ಓದುಗರೇ, ನಿಮ್ಮ ಮನೆಯ ಮೂಲೆಯಲ್ಲಿಯೂ ಅಂಥದೊಂದು ಮಷೀನು ಇದ್ದೀತು. ಇವತ್ತು ಸಂಜೆ ಹೋಗಿ ಆ ಅಡ್ಡಪಟ್ಟಿಯನ್ನು ಒಮ್ಮೆ ತಳ್ಳಿ ನೋಡಿ. ಚೈನು ಹರಿದರೆ ಮಿರಜದಲ್ಲಿ ಸಿಗುತ್ತದೆ. ಅಳಿಯನ ಕೈ ಯಾವ ಪೇಟೆಯಲ್ಲೂ ಸಿಗುವುದಿಲ್ಲ.