ಒಂದು ತೊಲ ಗುಂಡು

ಮಕ್ಕಳೇ, ಈ ಸಲದ ವಿಷಯ ಕಂಡು ನಿಮ್ಮ ಮನೆಯ ಹಿರಿಯರು ಹುಬ್ಬೇರಿಸಬಹುದು. ನಮ್ಮ ಸಂಘದ ರಾಜ್ಯೋತ್ಸವದ ನಾಟಕಗಳಲ್ಲಿ ಮರದ ಕತ್ತಿ ಹಿಡಿದು ಓಡಾಡುತ್ತಿದ್ದ ಹುಡುಗನೊಬ್ಬ ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಂಜಿನಿಯರ್. ಅಲ್ಲಿ ನವೆಂಬರ್ ಕೊನೆಗೆ ಜಿಂಕೆ ಬೇಟೆಯ ರೈಫಲ್ ಋತು ಶುರುವಾಗುತ್ತದೆ. ಆಫೀಸಿನವರು ಕರೆದಿದ್ದಾರಂತೆ. "ಆಂಟಿ, ನಿಮ್ಮ ತವರಿನಲ್ಲಿ ಕೋವಿ ಇತ್ತಲ್ಲ, ಯಾವ ರೈಫಲ್ ತಗೊಳ್ಳಲಿ? ಒಂದೇ ತಗೊಳ್ಳೋದು, ಎಲ್ಲದಕ್ಕೂ ಆಗಬೇಕು" ಎಂದು ಕೇಳಿದ್ದಾನೆ. ನಿಮ್ಮಲ್ಲಿ ಹಲವರು ನಾಳೆ ಅದೇ ದಾರಿ ಹಿಡಿಯುವವರು. ಅದಕ್ಕೆ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆಗೆ ಗುಂಡು ಹಾರಿಸಿದವನು ಅಪರಾಧಿ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ನೋಡಿಕೊಂಡು, ಇಷ್ಟನ್ನು ಇಷ್ಟು ದಿನದೊಳಗೆ ಹೊಡೆಯಬಹುದೆಂದು ಆಯಾ ರಾಜ್ಯಗಳೇ ನಿಗದಿ ಮಾಡುತ್ತವೆ. ಆದರೆ ನಮ್ಮವರಿಗೆ ಅಲ್ಲೊಂದು ತೊಡಕಿದೆ. ವಿದ್ಯಾರ್ಥಿ ವೀಸಾ, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅಲ್ಲಿನ ಕೇಂದ್ರ ಕಾನೂನು. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಗೆಳೆಯನ ರೈಫಲನ್ನು ಕಡ ತಂದರೂ ಇದೇ ನಿಯಮ. ತಪ್ಪಿದರೆ ದಂಡ ಕಟ್ಟಿ ಮನೆಗೆ ಬರುವ ಮಾತಲ್ಲ, ಜೈಲಿನ ಮಾತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬೇಟೆಯ ಸುರಕ್ಷತಾ ತರಗತಿಗೆ ಕೂತು ಪರವಾನಗಿ ಪಡೆಯಬೇಕು. ಪೆನ್ಸಿಲ್ವೇನಿಯಾದಲ್ಲಿ ಹೊಸಬರಿಗೆ ಆ ತರಗತಿ ಕಡ್ಡಾಯ.

ಇನ್ನು ನನ್ನ ತವರಿನ ಕೋವಿಯ ಮಾತು. ಅದು ಮಲೆನಾಡಿನಲ್ಲಿ ತೋಟ ಕಾಯುವುದಕ್ಕೆ ಲೈಸೆನ್ಸ್ ಪಡೆದಿದ್ದ ಜೋಡುನಳಿಗೆ. ಒಳಗೆ ನುಣುಪಾದ ನಳಿಗೆ, ಚರೆ ತುಂಬಿದ ತೋಟಾ. ರೈಫಲಿನ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ಸುತ್ತುತ್ತಾ ಹೋಗುವುದರಿಂದ ದೂರಕ್ಕೂ ಗುರಿ ಕೆಡುವುದಿಲ್ಲ. ಆ ನಳಿಗೆಯ ಬಾಯಗಲವೇ ಕ್ಯಾಲಿಬರ್. (ನಾನು ಬಿ.ಎ. ಓದುವಾಗ ಇಂಗ್ಲಿಷಿನಲ್ಲಿ ಈ ಪದಕ್ಕೆ 'ಮನುಷ್ಯನ ಯೋಗ್ಯತೆ' ಎಂದು ಅರ್ಥ ಬರೆದುಕೊಂಡಿದ್ದೆ. ಬಂದೂಕಿನ ವಿಷಯದಲ್ಲೂ ಜನ ಹಾಗೆಯೇ ತಿಳಿದಿದ್ದಾರೆ: ದೊಡ್ಡದಾದಷ್ಟೂ ದೊಡ್ಡವನು!) .308 ಎಂದರೆ ಗುಂಡು ಇಂಚಿನ ಸಾವಿರದಲ್ಲಿ 308 ಭಾಗ ದಪ್ಪ, ಸುಮಾರು ಒಂದು ಕಡಲೆಕಾಳಿನಷ್ಟು. ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಅಮ್ಮಂದಿರನ್ನು ಕೇಳಿ, ಹಳೆಯ ಒಂದು ತೊಲ ಚಿನ್ನ ಎಂದರೆ 11.66 ಗ್ರಾಂ. ಅದು ಸರಿಯಾಗಿ 180 ಗ್ರೇನ್. .308ಕ್ಕೆ ಸಾಮಾನ್ಯವಾಗಿ ಸಿಗುವ ಭಾರದ ಗುಂಡೂ ಅಷ್ಟೇ, ಒಂದು ತೊಲ. ಜಿಂಕೆಗೆ ಅಷ್ಟೂ ಬೇಡ, 150 ಗ್ರೇನ್ ಧಾರಾಳ.

ಹಾಗಾದರೆ ಯಾವುದು? ಹಳೆಯ ಕೈಗಳು .30-06 ಎನ್ನುತ್ತಾರೆ, ಅದರ '06' ಎಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. 1952ರಲ್ಲಿ ಬಂದ .308 ವಿಂಚೆಸ್ಟರ್ ಹೆಚ್ಚು ಕಡಿಮೆ ಅದೇ ಕೆಲಸವನ್ನು ಗಿಡ್ಡ ತೋಟಾದಲ್ಲಿ ಮಾಡುತ್ತದೆ. ಒದೆತವೂ ತುಸು ಕಡಿಮೆ, ತೋಟಾ ಎಲ್ಲೆಡೆ ಸಿಗುತ್ತದೆ. ಮುಂದೆ ಕೊಲರಾಡೊ ಕಡೆ ಹೋಗಿ ಎಲ್ಕ್ ಎಂಬ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿಯ ಬೆನ್ನು ಹತ್ತಿದರೂ ಅದೇ ಸಾಕು. ಒಂದೇ ರೈಫಲ್ ಎಂದರೆ ನನ್ನ ಓಟು .308ಕ್ಕೆ. ಮೈಕಟ್ಟು ಸಣ್ಣದಿರುವ ಹುಡುಗಿಯರು, ಹುಡುಗರು .243 ಅಥವಾ 6.5 ಕ್ರೀಡ್‌ಮೋರ್ ನೋಡಬಹುದು. .243ರ ಒದೆತ .30-06ರ ಅರ್ಧದಷ್ಟು, ಜಿಂಕೆಗೆ ಅದೂ ಸಾಲುತ್ತದೆ. ಎಲ್ಕ್‌ಗೆ ಮಾತ್ರ ನಾನು ಹೂಂ ಎನ್ನಲಾರೆ.

'ಮ್ಯಾಗ್ನಮ್' ಎಂಬ ಹೆಸರಿಗೆ ಮರುಳಾಗಬೇಡಿ. ಅದರ ಒದೆತ ಎರಡು ಸಲ ಭುಜಕ್ಕೆ ಬಿದ್ದರೆ ಮೂರನೆಯ ಸಲ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಹಿಂಜರಿಯುತ್ತದೆ. ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಜಿಂಕೆ ಅಲ್ಲೇ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತಾ ಪೊದೆಯಿಂದ ಪೊದೆಗೆ ಹೋಗಿ, ಯಾರಿಗೂ ಸಿಗದೆ ಎಲ್ಲೋ ಬಿದ್ದಿರುತ್ತದೆ. ಯಾವ ಮಹಾ ಕ್ಯಾಲಿಬರ್ ಕೂಡ ಅದನ್ನು ಸರಿಪಡಿಸಲಾರದು. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದದ್ದು .275 ರಿಗ್ಬಿಯಿಂದ. ಅದು .308ಕ್ಕಿಂತ ಸಣ್ಣದು. ತೇಜಸ್ವಿಯವರ ಕನ್ನಡದಲ್ಲಿ ನೀವು ಓದಿರಬಹುದಾದ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್ ಹುಲಿ ಎದುರು ನಿಂತಾಗ ಸರಿ, ಜಿಂಕೆಗೆ ಯಾಕೆ?

ನಳಿಗೆಯ ಉದ್ದದ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. ವಿಷಯ ಇಷ್ಟೇ: ಮದ್ದು ಉರಿದು ಬಂದ ಹೊಗೆ ಗುಂಡನ್ನು ನಳಿಗೆಯ ಕೊನೆಯವರೆಗೂ ತಳ್ಳುತ್ತದೆ, ನಳಿಗೆ ಉದ್ದವಾದಷ್ಟೂ ತಳ್ಳಲು ಸಮಯ ಹೆಚ್ಚು. 24 ಇಂಚಿನ ನಳಿಗೆಯಿಂದ 150 ಗ್ರೇನಿನ .308 ಗುಂಡು ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಡುತ್ತದೆ. ಒಂದೊಂದು ಇಂಚು ಗಿಡ್ಡವಾದರೆ 20-25 ಅಡಿ ವೇಗ ಇಳಿಯುತ್ತದೆ. ಅಂದರೆ 20 ಇಂಚಿಗೆ ಇಳಿದರೂ ಹೋಗುವುದು ನೂರು ಅಡಿ. ಅದು ಜಿಂಕೆಗೆ ಗೊತ್ತಾಗುವುದಿಲ್ಲ, ಗಿಡಗಂಟಿಗಳ ನಡುವೆ ನುಸುಳುವ ನಿಮ್ಮ ತೋಳಿಗೆ ಗೊತ್ತಾಗುತ್ತದೆ. ಬಹಳ ಗಿಡ್ಡವಾದರೆ ಸದ್ದು ಕಿವಿ ಸೀಳುತ್ತದೆ. 16 ಇಂಚಿಗಿಂತ ಕಡಿಮೆಯಾದರೆ ಕೇಂದ್ರ ಸರ್ಕಾರದ ಬೇರೆ ನೋಂದಣಿಯ ರಗಳೆ ಬೇರೆ. ಬಯಲು ಸೀಮೆಯಲ್ಲಿ ದೂರಕ್ಕೆ ಹೊಡೆಯುವವರಿಗೆ, .30-06 ಕೊಳ್ಳುವವರಿಗೆ 24 ಇರಲಿ. ಪೆನ್ಸಿಲ್ವೇನಿಯಾದ ಕಾಡಿಗೆ .308, 22 ಇಂಚು. ನನ್ನ ಉತ್ತರ ಅದೇ.

ಆದರೆ ಕೆಲಸ ಬದಲಾಗಿ ಪಕ್ಕದ ಒಹಾಯೋಗೆ ಹೋದರೆ ಈ ಲೆಕ್ಕ ಕೆಟ್ಟಿತು! ಅಲ್ಲಿ ಜಿಂಕೆಗೆ ನೆಟ್ಟಗಿನ ಗೋಡೆಯ ತೋಟಾ ಹಾಕುವ ರೈಫಲಿಗೆ ಮಾತ್ರ ಅನುಮತಿ. .308ರ ತೋಟಾ ತಂಬಿಗೆಯಂತೆ, ಕತ್ತಿನಲ್ಲಿ ಕಿರಿದು. ಅವರಿಗೆ ಬೇಕಾದದ್ದು ಲೋಟದಂಥದ್ದು. ಕೊಲರಾಡೊದಲ್ಲಿ .24ಕ್ಕಿಂತ ಸಣ್ಣ ಕ್ಯಾಲಿಬರ್ ನಡೆಯುವುದಿಲ್ಲ. ಹಣ ಕೊಡುವ ಮೊದಲು ಆ ರಾಜ್ಯದ ಆ ವರ್ಷದ ನಿಯಮ ಪುಸ್ತಕ ಓದಿ.

ಕೊಂಡ ಮೇಲೆ ನೇರವಾಗಿ ಕಾಡಿಗೆ ಹೊರಡಬೇಡಿ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶಗಳಿರುವ ಜಾಗ ನಮ್ಮ ತಿಂಡಿ ತಟ್ಟೆಯಷ್ಟು, ಸುಮಾರು 8 ಇಂಚು. ಅಷ್ಟಗಲದ ಕಾಗದದ ತಟ್ಟೆಯನ್ನು ನೂರು ಗಜ ದೂರದಲ್ಲಿ ನಿಲ್ಲಿಸಿ. ಮೇಜಿನ ಮೇಲೆ ಮೊಣಕೈ ಊರಿಕೊಂಡಲ್ಲ. ಕುಳಿತು, ಮಂಡಿಯೂರಿ, ಕಾಡಿನಲ್ಲಿ ಹೊಡೆಯುವ ಹಾಗೆಯೇ ಐದು ಗುಂಡು ಹೊಡೆಯಿರಿ. ಐದೂ ತಟ್ಟೆಗೆ ಬೀಳದಿದ್ದರೆ ಐವತ್ತು ಗಜಕ್ಕೆ ಬನ್ನಿ. ಐದೂ ಬೀಳುವ ದೂರವೇ ಈ ವರ್ಷ ನೀವು ಹೊಡೆಯಬಹುದಾದ ದೂರ. ಅದರಾಚೆ ಎಷ್ಟು ದೊಡ್ಡ ಕೊಂಬಿನ ಗಂಡು ಬಂದು ನಿಂತರೂ ಬೆರಳು ಕುದುರೆಯ ಹೊರಗಿರಲಿ.

ಹೊರಡುವ ದಿನ ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಹಾಕಿಕೊಳ್ಳಬೇಕು, ಅಲ್ಲಿ ಅದೂ ಕಾನೂನೇ. ಜಿಂಕೆಯ ಕಣ್ಣಿಗೆ ಕಿತ್ತಳೆ ಎದ್ದು ಕಾಣುವುದಿಲ್ಲ, ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಕಾಣುತ್ತದೆ. ನಮ್ಮ ಹುಡುಗನಿಗೆ ಈ ಪುಟದ ಪ್ರತಿ ಕಳಿಸುತ್ತಿದ್ದೇನೆ. ಪರವಾನಗಿ ಕೈಗೆ ಬಂದ ದಿನ ಅವನು ಮೊದಲು ತನ್ನ ತಾಯಿಗೆ ಫೋನು ಮಾಡಲಿ. ಆಕೆಗೆ ಈ ವಿಷಯ ಇನ್ನೂ ಗೊತ್ತಿಲ್ಲ.