ನೀರಿಗೆ ಬ್ಲೀಚಿಂಗ್ ವಾಸನೆ ಬಂದ್ರೆ ಬೈಬೇಡ್ರಿ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ನಲ್ಲಿ ನೀರಿಗೆ ಸ್ವಲ್ಪ ಬ್ಲೀಚಿಂಗ್ ವಾಸನೆ ಬಂತೋ, ವಾಟರ್‌ಮನ್ ಕಥೆ ಮುಗೀತು. "ಏನ್ ಹಾಕಿಯೋ ನೀರಾಗ, ಚಾ ಸುದ್ದಾ ಕೆಟ್ಟು ಹೋತು" ಅಂತ ಓಣಿಯೆಲ್ಲಾ ಬೈಯುತ್ತೆ. ಪಾಪ, ಮರುದಿನದಿಂದ ಅವನು ಹಾಕೋದನ್ನೇ ಬಿಡ್ತಾನೆ. ಮಳೆಗಾಲದಲ್ಲಿ ವಾಂತಿಭೇದಿ ಶುರುವಾದ್ರೆ ಅದೇ ಮಂದಿ ಪಂಚಾಯಿತಿ ಮುಂದೆ ನಿಲ್ತಾರೆ. ನನ್ನನ್ನ ಕೇಳಿದ್ರೆ, ವಾಸನೆ ಬರದ ದಿನ ಬೈಬೇಕು.

ಬ್ಲೀಚಿಂಗ್ ಪುಡಿ ನೀರಲ್ಲಿ ಕರಗಿದಾಗ ಹೈಪೋಕ್ಲೋರಸ್ ಆಮ್ಲ ಹುಟ್ಟುತ್ತೆ. ಬ್ಯಾಕ್ಟೀರಿಯಾದ ಹೊರಮೈ ಮೇಲೆ ಋಣ ವಿದ್ಯುದಂಶ ಇರುತ್ತೆ. ಈ ಆಮ್ಲದ ಕಣಕ್ಕೆ ಯಾವ ವಿದ್ಯುದಂಶವೂ ಇಲ್ಲ, ಹಾಗಾಗಿ ಸಲೀಸಾಗಿ ಗೋಡೆ ದಾಟಿ ಒಳಗೆ ನುಗ್ಗಿ ಪೊರೆ, ಕಿಣ್ವ ಎಲ್ಲವನ್ನೂ ಹಾಳುಮಾಡುತ್ತೆ. ನೀರಿನ ಪಿಎಚ್ 7.5 ದಾಟಿದರೆ ಅರ್ಧಕ್ಕಿಂತ ಹೆಚ್ಚು ಆಮ್ಲ ಹೈಪೋಕ್ಲೋರೈಟ್ ಅಯಾನ್ ಆಗಿಬಿಡುತ್ತೆ. ಅದೂ ಋಣ, ಗೋಡೆಯೂ ಋಣ, ಒಳಗೆ ಹೋಗೋದು ಕಷ್ಟ. (ಪಿಯುಸಿ ಕೆಮಿಸ್ಟ್ರಿ ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು ನೋಡಿ :))

ಇನ್ನು ಕೆಸರು. ಮಳೆಗಾಲದಲ್ಲಿ ಭೀಮೆ, ಅಮರ್ಜಾ ಕೆಂಪಗೆ ಹರಿಯುವಾಗ ಕ್ಲೋರಿನ್ ಮೊದಲು ನೀರಿನ ಕಸದ ಜೊತೆಗೇ ಕೂಡಿ ಖರ್ಚಾಗುತ್ತೆ, ಬ್ಯಾಕ್ಟೀರಿಯಾಕ್ಕೆ ಉಳಿಯೋದೇ ಕಮ್ಮಿ. ಆದ್ದರಿಂದ ಮೊದಲು ಸೋಸಬೇಕು, ಆಮೇಲೆ ಪುಡಿ, ಆಮೇಲೆ ಅರ್ಧ ತಾಸು ಕಾಯಬೇಕು. ಟ್ಯಾಂಕಿಗೆ ಸುರಿದು ತಕ್ಷಣ ವಾಲ್ವ್ ತಿರುಗಿಸಿದ್ರೆ ಏನೂ ಉಪಯೋಗವಿಲ್ಲ.

ಒಳ್ಳೇ ಪುಡಿಯಾದರೆ ತಿಳಿಯಾದ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. ಆದರೆ 'ಒಳ್ಳೇ' ಅನ್ನೋದೇ ಸಮಸ್ಯೆ. ಹೊಸ ಪುಡಿಯಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತೆ. ನಮ್ಮ ಬೇಸಿಗೆಯಲ್ಲಿ ಬಾಯಿ ಬಿಚ್ಚಿದ ಚೀಲವನ್ನು ತಗಡಿನ ಶೆಡ್ಡಲ್ಲಿ ಇಟ್ಟರೆ ಉಳಿಯೋದು ಬರೀ ಸುಣ್ಣ. ನಾನು ನೋಡಿದ ಒಂದು ಊರಲ್ಲಿ ಅಳತೆ ಅಂದ್ರೆ "ಎರಡು ಮುಷ್ಟಿ". ಟೆಸ್ಟೇ ಮಾಡದೆ ಕೋಡ್ ರಿಲೀಸ್ ಮಾಡಿದ್ರೆ ನಮ್ಮ ಮ್ಯಾನೇಜರ್ ಸುಮ್ಮನಿರ್ತಾರಾ?

ಅಳೆಯಬೇಕಾದ್ದು ಟ್ಯಾಂಕಿನ ಹತ್ತಿರ ಮಾತ್ರ ಅಲ್ಲ, ಕೊನೇ ಮನೆಯ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ನಮ್ಮ ಬಿಐಎಸ್ ಮಾನದಂಡವೇ ಹೇಳುತ್ತೆ. ಯಾಕಂದ್ರೆ ನೀರು ಬಿಡೋದು ನಿಂತಾಗ ಪೈಪಿನ ಒತ್ತಡ ಇಳಿದು, ಪಕ್ಕದ ಗಟಾರದ ನೀರು ಬಿರುಕಿನಿಂದ ಒಳಗೆ ಬರಬಹುದು. ಉಳಿದ ಕ್ಲೋರಿನ್ನೇ ಅಲ್ಲಿ ಕಾವಲು. ಅದಕ್ಕೂ ಒಂದು ಮಿತಿ ಇದೆ, ಗಟಾರವೇ ನುಗ್ಗಿದರೆ ಪೈಪ್ ರಿಪೇರಿ ಮಾಡಲೇಬೇಕು. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, ಎರಡೂ ಕಡೆ ಕಲುಷಿತ ನೀರು ಕುಡಿದು ಜನ ಸತ್ತರು. ದೇವಲ ಗಾಣಗಾಪುರದ ಸಂಗಮಕ್ಕೆ ಬರೋ ಜಾತ್ರೆ ನೆನೆದರೆ ನನಗೆ ಭಯ ಆಗುತ್ತೆ.

ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದಕ್ಕೂ ಒಂದು ಮಾತು. ಉಪ ಉತ್ಪನ್ನಗಳ ಆತಂಕ ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಹೆದರಿ ಸೋಂಕು ನಿವಾರಣೆಯಲ್ಲಿ ರಾಜಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿ ನೀರಿಗೆ ಕ್ಲೋರಿನ್ ಹಾಕಿದಾಗಲೂ ವಿಷಯ ಕೋರ್ಟಿಗೆ ಹೋಗಿತ್ತು, ಅಲ್ಲಿ ಕ್ಲೋರಿನ್ನೇ ಗೆದ್ದಿತು.

ಕೊನೇ ನಲ್ಲಿಯ ನೀರಿಗೆ ಎರಡು ಹನಿ ಔಷಧಿ ಹಾಕಿ ಬಣ್ಣ ನೋಡೋ ಕ್ಲೋರೋಸ್ಕೋಪ್ ಸಣ್ಣ ಡಬ್ಬಿ ಅಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನೋಡಿ: ನಿಮ್ಮೂರಲ್ಲಿ ಅದು ಯಾರ ಹತ್ತಿರ ಇದೆ, ಕೊನೇ ಸಲ ಯಾವಾಗ ತೆಗೆದಿದ್ದರು?