ಎರಡು ಸರ್ಕಾರಿ ಶಾಲೆ: ಯಾವುದಕ್ಕೆ ಸೇರಿಸೋದು?

ನಿಮ್ಮ ಬಡಾವಣೆಯಲ್ಲಿ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ ಅಂದುಕೊಳ್ಳಿ. ಒಂದಕ್ಕೆ ಹೊಸ ಕಟ್ಟಡ, ಜತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ. ಇನ್ನೊಂದು ಹಳೇ ಹೆಂಚಿನ ಶಾಲೆ. ಆಯ್ಕೆ ಸುಲಭ ಅನ್ನಿಸುತ್ತೆ ಅಲ್ವಾ? ಸ್ವಲ್ಪ ತಾಳಿ.

ಬಿಸಿಯೂಟ, ಹಾಲು, ಉಚಿತ ಪಠ್ಯಪುಸ್ತಕ ಎರಡೂ ಕಡೆ ಸಿಗುತ್ತೆ. ಕನ್ನಡ ಮಾಧ್ಯಮದಲ್ಲೂ 2007ರಿಂದಲೇ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಹಾಗಾಗಿ ಬೋರ್ಡ್ ನೋಡಿ ಮನಸೋಲಬೇಡಿ, ಮೊದಲು ಟೀಚರ್‌ಗಳ ಲೆಕ್ಕ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗಿನ 60 ಮಕ್ಕಳಿಗೆ ಇಬ್ಬರು, 90 ಮಕ್ಕಳಿಗೆ ಮೂವರು ಶಿಕ್ಷಕರಿರಬೇಕು. ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ಅತಿಥಿ ಶಿಕ್ಷಕರು ಅಂತ ಮುಖ್ಯೋಪಾಧ್ಯಾಯರನ್ನೇ ಕೇಳಿ. ಸಂಕೋಚ ಯಾಕೆ?

ಎರಡೂ ಕಡೆ ಮೂರನೇ ತರಗತಿ ಮಗುವಿನ ಕೈಲಿ ಒಂದು ಪುಟ ಓದಿಸಿ ನೋಡಿ. ತಡವರಿಸದೆ ಓದಿದರೆ ಅಲ್ಲಿ ಪಾಠ ನಡೀತಿದೆ ಅಂತಲೇ ಅರ್ಥ. ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ನೀರಿಲ್ಲದಿದ್ದರೆ ಹೆಣ್ಣುಮಕ್ಕಳು ದಿನವಿಡೀ ನೀರೇ ಕುಡಿಯದೆ ಕೂರುತ್ತಾರೆ.

ಇನ್ನೊಂದು ಮಾತು. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ, ಪೋಷಕರದ್ದೇ. ಸಭೆ ಕೊನೇ ಸಲ ಯಾವಾಗ ನಡೀತು, ತಾಯಂದಿರು ಎಷ್ಟು ಜನ ಬಂದಿದ್ದರು ಅಂತ ವಿಚಾರಿಸಿ. ಯಾವ ಶಾಲೆಗೇ ಸೇರಿಸಿ, ಮುಂದಿನ ಸಭೆಗೆ ನೀವೂ ಹೋಗಿ. ಟೀಚರ್ ಸಾಲದಿದ್ದರೆ ಅಲ್ಲೇ ದನಿಯೆತ್ತಿ. ಬರೀ ಗೇಟಿನ ಹೊರಗೆ ನಿಂತು ದೂರಿದರೆ ಶಾಲೆ ಸುಧಾರಿಸುತ್ತಾ, ನೀವೇ ಹೇಳಿ?